ಅಲ್ಪ ಪ್ರಮಾಣದ ಮಾದಕ ವಸ್ತು ಹೊಂದಿರುವ ಅಪರಾಧ: ಶಿಕ್ಷೆಯಲ್ಲಿನ ಸುಧಾರಣೆ ಹಾಗೂ ಚಿಕಿತ್ಸೆಯ ಅವಕಾಶ

ಮಾದಕ ಔಷಧಗಳು ಮತ್ತು ಮನೋಪರಿಣಾಮಕಾರಿ ವಸ್ತುಗಳ ಅಧಿನಿಯಮ, 1985ರ (ಎನ್.ಡಿ.ಪಿ.ಎಸ್. ಕಾಯ್ದೆ) ಅಡಿಯಲ್ಲಿ ಅಲ್ಪ ಪ್ರಮಾಣದ ಮಾದಕ ವಸ್ತುವನ್ನು ಹೊಂದಿರುವುದು ಮತ್ತು ಸೇವಿಸುವುದು ಇಂದಿಗೂ ಅಪರಾಧವಾಗಿರುತ್ತದೆ. ಆದರೆ ವ್ಯಸನಿಯು ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದಲ್ಲಿ ಮೊಕದ್ದಮೆಯಿಂದಲೇ ವಿನಾಯಿತಿ ಹೊಂದಲು ಇದೇ ಅಧಿನಿಯಮದಲ್ಲಿ ಅವಕಾಶವಿದೆ. ಈ ಸೌಲಭ್ಯವು ತಾನಾಗಿ ದೊರೆಯುವುದಿಲ್ಲ, ಕೋರಿ ಪಡೆಯಬೇಕಾಗುತ್ತದೆ. ಆದುದರಿಂದ ವ್ಯಸನಿಗಳು ಮತ್ತು ಅವರ ಕುಟುಂಬದವರ ತಿಳಿವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

2001ಕ್ಕೆ ಮುಂಚಿನ ಸ್ಥಿತಿ

ಮೂಲ ಅಧಿನಿಯಮದಲ್ಲಿ ಹೆರಾಯಿನ್, ಕೊಕೇನ್ ಮುಂತಾದ ವಸ್ತುಗಳನ್ನು ಹೊಂದಿದ್ದಕ್ಕೆ ಕನಿಷ್ಠ 10 ವರ್ಷಗಳ ಕಠಿಣ ಕಾರಾವಾಸ ಹಾಗೂ ಕನಿಷ್ಠ 1 ಲಕ್ಷ ರೂಪಾಯಿ ದಂಡ ನಿಗದಿಯಾಗಿತ್ತು. ಸ್ವಂತ ಸೇವನೆಗಾಗಿ ಅಲ್ಪ ಪ್ರಮಾಣವನ್ನು ಹೊಂದಿದ್ದವರಿಗೆ ಮಾತ್ರ 27ನೇ ಪ್ರಕರಣದಡಿ ಕಡಿಮೆ ಶಿಕ್ಷೆ ಇತ್ತು. ಹೆರಾಯಿನ್‌ಗೆ ಈ ಮಿತಿ ಕೇವಲ 250 ಮಿಲಿಗ್ರಾಂ. ಅದು ಮಾರಾಟಕ್ಕಲ್ಲ, ಸ್ವಂತ ಬಳಕೆಗೆ ಎಂದು ರುಜುವಾತುಪಡಿಸುವ ಹೊಣೆಯೂ ಆರೋಪಿಯ ಮೇಲಿತ್ತು. ರುಜುವಾತುಪಡಿಸಲಾಗದ ವ್ಯಸನಿಗೆ ಕಳ್ಳಸಾಗಣೆದಾರನಿಗೆ ವಿಧಿಸುವ ಕನಿಷ್ಠ ಶಿಕ್ಷೆಯೇ ಅನ್ವಯವಾಗುತ್ತಿತ್ತು.

2001 ಮತ್ತು 2014ರ ತಿದ್ದುಪಡಿಗಳು

2001ರ ಅಕ್ಟೋಬರ್ 2ರಿಂದ ಜಾರಿಗೆ ಬಂದ ತಿದ್ದುಪಡಿಯು ಶಿಕ್ಷೆಯನ್ನು ವಸ್ತುವಿನ ಪ್ರಮಾಣಕ್ಕೆ ಅನುಗುಣವಾಗಿ ಮೂರು ಹಂತಗಳಾಗಿ ವಿಂಗಡಿಸಿತು. ಹೆರಾಯಿನ್, ಕೊಕೇನ್ ಮತ್ತು ಗಾಂಜಾ ಹೊಂದಿರುವ ಪ್ರಕರಣಗಳಲ್ಲಿ ಪ್ರಸ್ತುತ ಶಿಕ್ಷೆ ಈ ಕೆಳಕಂಡಂತಿದೆ:

1. ಅಲ್ಪ ಪ್ರಮಾಣ: 1 ವರ್ಷದವರೆಗೆ ಕಠಿಣ ಕಾರಾವಾಸ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. (2014ರ ಮೇ 1ಕ್ಕೆ ಮುಂಚೆ ಕಾರಾವಾಸದ ಮಿತಿ 6 ತಿಂಗಳಾಗಿತ್ತು.)
2. ಅಲ್ಪ ಪ್ರಮಾಣಕ್ಕಿಂತ ಹೆಚ್ಚು, ವಾಣಿಜ್ಯ ಪ್ರಮಾಣಕ್ಕಿಂತ ಕಡಿಮೆ: 10 ವರ್ಷಗಳವರೆಗೆ ಕಠಿಣ ಕಾರಾವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ.
3. ವಾಣಿಜ್ಯ ಪ್ರಮಾಣ: 10ರಿಂದ 20 ವರ್ಷಗಳ ಕಠಿಣ ಕಾರಾವಾಸ ಮತ್ತು 1ರಿಂದ 2 ಲಕ್ಷ ರೂಪಾಯಿ ದಂಡ.

2001ರ ಅಕ್ಟೋಬರ್ 19ರ ಅಧಿಸೂಚನೆಯಂತೆ ಅಲ್ಪ ಪ್ರಮಾಣದ ಮಿತಿಗಳು: ಕೊಕೇನ್ 2 ಗ್ರಾಂ, ಹೆರಾಯಿನ್ 5 ಗ್ರಾಂ, ಅಫೀಮು 25 ಗ್ರಾಂ, ಚರಸ್ 100 ಗ್ರಾಂ, ಗಾಂಜಾ 1 ಕಿಲೋಗ್ರಾಂ.

ಗಮನಿಸಬೇಕಾದ ಅಂಶಗಳು

• ತೂಕ ಮಾಡುವಾಗ ಬೆರಕೆಯನ್ನೂ ಸೇರಿಸಲಾಗುತ್ತದೆ. ಶುದ್ಧ ಮಾದಕಾಂಶವನ್ನು ಮಾತ್ರ ಪರಿಗಣಿಸಬೇಕೆಂದು 2008ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತ್ತಾದರೂ, 2020ರ ಏಪ್ರಿಲ್‌ನಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು ಅದನ್ನು ಒಪ್ಪಲಿಲ್ಲ. 1 ಗ್ರಾಂ ಹೆರಾಯಿನ್ 5 ಗ್ರಾಂ ಬೇರೆ ಪುಡಿಯಲ್ಲಿ ಬೆರೆತಿದ್ದರೆ ಒಟ್ಟು 6 ಗ್ರಾಂ ಎಂದೇ ಲೆಕ್ಕವಾಗಿ, ಪ್ರಕರಣವು ಎರಡನೆಯ ಹಂತಕ್ಕೆ ಸೇರುತ್ತದೆ.
• ಗಾಂಜಾ ಗಿಡ ಬೆಳೆಸುವುದಕ್ಕೆ ಅಲ್ಪ ಪ್ರಮಾಣದ ರಿಯಾಯಿತಿ ಇರುವುದಿಲ್ಲ. ಅದಕ್ಕೆ 10 ವರ್ಷಗಳವರೆಗೆ ಶಿಕ್ಷೆ ಇದೆ.

ಚಿಕಿತ್ಸೆಯ ಮೂಲಕ ವಿನಾಯಿತಿ

64ಎ ಪ್ರಕರಣ: ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವನ್ನು ಎದುರಿಸುತ್ತಿರುವ ವ್ಯಸನಿಯು ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಇಲ್ಲವೆ ಮಾನ್ಯತೆ ನೀಡಿದ ಆಸ್ಪತ್ರೆ ಅಥವಾ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದಲ್ಲಿ ಸದರಿ ಆರೋಪಕ್ಕಾಗಿ ಮೊಕದ್ದಮೆಗೆ ಗುರಿಯಾಗತಕ್ಕದ್ದಲ್ಲ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದಲ್ಲಿ ವಿನಾಯಿತಿಯನ್ನು ಹಿಂಪಡೆಯಬಹುದಾಗಿದೆ.

39ನೇ ಪ್ರಕರಣ: ಇಂತಹ ಅಪರಾಧ ಸಾಬೀತಾದ ನಂತರವೂ ನ್ಯಾಯಾಲಯವು ವ್ಯಸನಿಯ ವಯಸ್ಸು, ನಡತೆ, ಆರೋಗ್ಯ ಮುಂತಾದವುಗಳನ್ನು ಪರಿಗಣಿಸಿ, ಅವರ ಒಪ್ಪಿಗೆಯ ಮೇರೆಗೆ, ಜೈಲಿಗೆ ಕಳುಹಿಸುವ ಬದಲು ಚಿಕಿತ್ಸೆಗಾಗಿ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಬಹುದು. 1 ವರ್ಷ ಮೀರದ ಅವಧಿಯೊಳಗೆ ಹಾಜರಾಗಿ ಚಿಕಿತ್ಸೆಯ ಫಲಿತಾಂಶದ ವರದಿಯನ್ನು ಸಲ್ಲಿಸತಕ್ಕದ್ದು.

ಪ್ರಮಾಣವು ಅಲ್ಪ ಮಿತಿಯನ್ನು ಮೀರಿದ ಪ್ರಕರಣಗಳಿಗೆ ಈ ಎರಡೂ ಸೌಲಭ್ಯಗಳು ಅನ್ವಯಿಸುವುದಿಲ್ಲ.

ನಾಗರಿಕರು ಅನುಸರಿಸಬೇಕಾದ ಕ್ರಮ

1. ಪ್ರಕರಣ ದಾಖಲಾಗುವವರೆಗೆ ಕಾಯದೆ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗವನ್ನು ಅಥವಾ ಮಾನ್ಯತೆ ಪಡೆದ ವ್ಯಸನಮುಕ್ತಿ ಕೇಂದ್ರವನ್ನು ಸಂಪರ್ಕಿಸುವುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗವಿದೆ. ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ: 14446.
2. ನೋಂದಣಿ ಚೀಟಿ, ಔಷಧ ಚೀಟಿ ಮತ್ತು ಬಿಡುಗಡೆ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದುದಕ್ಕೆ ಇವು ಆಧಾರವಾಗುತ್ತವೆ.
3. ಪ್ರಕರಣ ದಾಖಲಾಗಿದ್ದಲ್ಲಿ ವಕೀಲರ ಮೂಲಕ 64ಎ ಪ್ರಕರಣದ ಸೌಲಭ್ಯವನ್ನು ಕೋರಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವುದು.
4. ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿರುತ್ತಾರೆ. ಇದಕ್ಕಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸಬಹುದು.

ಬಂಧನದ ಭಯದಿಂದ ಚಿಕಿತ್ಸೆಯನ್ನು ಮುಂದೂಡಿದಲ್ಲಿ ಕಾನೂನೇ ಒದಗಿಸಿರುವ ರಕ್ಷಣೆಯು ಕೈತಪ್ಪುವ ಸಾಧ್ಯತೆ ಇರುತ್ತದೆ. ಆದ್ದರಿಂದ ಕುಟುಂಬದವರು ವ್ಯಸನವನ್ನು ಮುಚ್ಚಿಡದೆ, ಸಕಾಲದಲ್ಲಿ ಈ ಸೌಲಭ್ಯದ ಪ್ರಯೋಜನವನ್ನು ಪಡೆದುಕೊಳ್ಳಲು ಕೋರಲಾಗಿದೆ.