ಪೀಣ್ಯದ ಕ್ರೋಮ್ ಟ್ಯಾಂಕ್: ಕೆಲಸದಿಂದಲೇ ರೋಗ ಬಂತು ಅಂತ ಸಾಬೀತು ಮಾಡಬೇಕಾದವರು ಯಾರು?

ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ ಯೂನಿಟ್‌ಗಳಲ್ಲಿ ಬಿಡಿಭಾಗಗಳಿಗೆ ಕ್ರೋಮ್ ಹೊಳಪು ಬರೋದು ಕ್ರೋಮಿಕ್ ಆಮ್ಲದ ಟ್ಯಾಂಕ್‌ನಲ್ಲಿ. ಅಲ್ಲಿಂದ ಏಳುವ ಆವಿಯಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಇರುತ್ತದೆ. ಅದು ಚರ್ಮದಲ್ಲಿ ಹುಣ್ಣು ಮಾಡುತ್ತದೆ, ಮೂಗಿನ ಹೊಳ್ಳೆಗಳ ನಡುವಿನ ಗೋಡೆಯನ್ನೇ ತೂತು ಮಾಡಬಲ್ಲದು. ಎಷ್ಟೋ ವರ್ಷಗಳ ನಂತರ ಶ್ವಾಸಕೋಶದ ಕ್ಯಾನ್ಸರ್‌ಗೂ ಕಾರಣವಾಗಬಹುದು. ಹಾಗಾದಾಗ ಪರಿಹಾರ ಸಿಗುತ್ತಾ?

ಕಾನೂನು ಏನು ಹೇಳುತ್ತದೆ?

ಕಾಗದದ ಮೇಲೆ ಕಾನೂನು ಕಾರ್ಮಿಕರ ಪರವಾಗಿಯೇ ಇದೆ. 1948ರ ಇಎಸ್‌ಐ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಕ್ರೋಮಿಯಂನಿಂದ ಬರುವ ರೋಗಗಳಿದ್ದವು. ಅಂಥ ಕೆಲಸದಲ್ಲಿ ಸತತ 6 ತಿಂಗಳು ದುಡಿದವರಿಗೆ ಆ ರೋಗ ಬಂದರೆ, ಅದು ಕೆಲಸದಿಂದಲೇ ಬಂತು ಅಂತ 52ಎ ಕಲಂ ಭಾವಿಸಿಕೊಳ್ಳುತ್ತಿತ್ತು. ಅಲ್ಲ ಅನ್ನುವವರೇ ಅದನ್ನು ಸಾಬೀತು ಮಾಡಬೇಕಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇಂಥ ಪಟ್ಟಿ ಉಳಿದಿದೆ.

ಏನು ಸಿಗುತ್ತದೆ?

ಇಎಸ್‌ಐನಲ್ಲಿ ತಾತ್ಕಾಲಿಕ ಅಂಗವೈಕಲ್ಯಕ್ಕೆ ಸರಾಸರಿ ಕೂಲಿಯ ಶೇ. 90. ಶಾಶ್ವತವಾದರೆ, ದುಡಿಯುವ ಶಕ್ತಿ ಎಷ್ಟು ಕುಂದಿದೆ ಅಂತ ವೈದ್ಯಕೀಯ ಮಂಡಳಿ ಹೇಳಿದ ಪ್ರಮಾಣದಲ್ಲಿ ಜೀವನಪೂರ್ತಿ ಹಣ. ಇದಕ್ಕೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಅನ್ನುವ ಷರತ್ತಿಲ್ಲ.

ಸೈನಿಕರಿಗೆ ಹೇಗೆ?

ತತ್ವ ಒಂದೇ. ಸೇನೆಗೆ ಸೇರುವಾಗ ದಾಖಲೆಯಲ್ಲಿ ಇಲ್ಲದ ರೋಗ ಆಮೇಲೆ ಬಂದರೆ ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು ಅಂತ ಸುಪ್ರೀಂ ಕೋರ್ಟ್ 2013ರ ಧರಂವೀರ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಅಮೆರಿಕದ 2022ರ ಪ್ಯಾಕ್ಟ್ ಕಾಯ್ದೆ, ಇರಾಕ್ ಮತ್ತು ಅಫ್ಘಾನಿಸ್ತಾನದಲ್ಲಿ ಕಸ ಸುಡುವ ಗುಂಡಿಗಳ ಹೊಗೆ ಕುಡಿದ ಸೈನಿಕರಿಗೆ 20ಕ್ಕೂ ಹೆಚ್ಚು ಕಾಯಿಲೆಗಳಲ್ಲಿ ಇದೇ ಅನುಕೂಲ ಕೊಟ್ಟಿತು. ಎಲ್ಲಿ, ಯಾವಾಗ ಸೇವೆಯಲ್ಲಿದ್ದೆ ಅಂತ ತೋರಿಸಿದರೆ ಸಾಕು.

ಹಾಗಾದ್ರೆ ಪೀಣ್ಯದಲ್ಲಿ ಸಮಸ್ಯೆ ಎಲ್ಲಿದೆ?

ಸೈನಿಕನ ಸೇವಾ ದಾಖಲೆಯನ್ನು ಸರ್ಕಾರವೇ ಇಟ್ಟಿರುತ್ತದೆ. ಪ್ಲೇಟಿಂಗ್ ಕಾರ್ಮಿಕನ ದಾಖಲೆ ಯಾರ ಹತ್ತಿರ ಇದೆ? ಗುತ್ತಿಗೆದಾರ ಬದಲಾದರೆ ಸತತ 6 ತಿಂಗಳು ಅಂತ ತೋರಿಸೋದೇ ಕಷ್ಟ. ಸಂಬಳ 21,000 ರೂಪಾಯಿ ದಾಟಿದರೆ ಇಎಸ್‌ಐ ಇಲ್ಲ. ಆಗ ಮಾಲೀಕರಿಂದಲೇ ಪರಿಹಾರ ಕೇಳಬೇಕು. ಕ್ಯಾನ್ಸರ್ ಕಾಣಿಸಿಕೊಳ್ಳುವ ಹೊತ್ತಿಗೆ ಯೂನಿಟ್ಟೇ ಮುಚ್ಚಿರಬಹುದು. 10 ಜನಕ್ಕಿಂತ ಕಡಿಮೆ ಇರುವ ಸಣ್ಣ ಶೆಡ್‌ಗಳು ಸಾಮಾನ್ಯವಾಗಿ ಇಎಸ್‌ಐ ಹೊರಗೇ ಉಳಿಯುತ್ತವೆ.

ಇದಕ್ಕೊಂದು ದಾರಿ ಸಂಹಿತೆಯಲ್ಲೇ ಇದೆ. ಕೇಂದ್ರ ಸರ್ಕಾರ ಅಪಾಯಕಾರಿ ಅಂತ ಅಧಿಸೂಚನೆ ಹೊರಡಿಸಿದ ಕೆಲಸದಲ್ಲಿ ಒಬ್ಬನೇ ಕಾರ್ಮಿಕನಿದ್ದರೂ ಇಎಸ್‌ಐ ಅನ್ವಯವಾಗುತ್ತದೆ. ಕ್ರೋಮ್ ಪ್ಲೇಟಿಂಗ್ ಆ ಪಟ್ಟಿಯಲ್ಲಿ ಇರಲೇಬೇಕು. ಜೊತೆಗೆ, ಯಾರು ಯಾವ ಟ್ಯಾಂಕ್ ಮುಂದೆ ಎಷ್ಟು ದಿನ ನಿಂತರು ಅನ್ನುವ ದಾಖಲೆ ಕಾರ್ಮಿಕನ ಇಎಸ್‌ಐ ನಂಬರ್‌ಗೆ ಅಂಟಿಕೊಂಡಿರಬೇಕು, ಗುತ್ತಿಗೆದಾರನ ಫೈಲ್‌ಗಲ್ಲ.

ಅಲ್ಲಿಯವರೆಗೆ ಟ್ಯಾಂಕ್ ಮುಂದೆ ನಿಲ್ಲುವವರು ಇಎಸ್‌ಐ ನಂಬರ್, ಸಂಬಳದ ಚೀಟಿ, ಗೇಟ್ ಪಾಸ್, ಆಸ್ಪತ್ರೆ ಚೀಟಿ ಯಾವುದನ್ನೂ ಎಸೆಯಬೇಡಿ. ಡಾಕ್ಟರ್ ಕೇಳದಿದ್ದರೂ ನೀವು ಮಾಡುವ ಕೆಲಸ ಏನು ಅಂತ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ನಾಳೆ ಅದೇ ನಿಮ್ಮ ಸೇವಾ ದಾಖಲೆ.