ಮನ್ರೇಸಾದ ಉಪವಾಸ ಕಲಿಸಿದ ಪಾಠ



ಜುಲೈ 31ರಂದು ತಾಯಿ ಧರ್ಮಸಭೆಯು ಯೇಸುಸಭೆಯ ಸಂಸ್ಥಾಪಕರಾದ ಸಂತ ಲೊಯೋಲಾದ ಇಗ್ನೇಷಿಯಸರ ಹಬ್ಬವನ್ನು ಆಚರಿಸುತ್ತದೆ. 'ದೇವರು ನನ್ನನ್ನು ಯಾವ ಕಾರ್ಯಕ್ಕೆ ಕರೆಯುತ್ತಿದ್ದಾರೆ?' ಎಂಬ ಪ್ರಶ್ನೆ ನಮ್ಮ ಯುವಜನರನ್ನೂ ಅವರ ಹೆತ್ತವರನ್ನೂ ಕಾಡುತ್ತಲೇ ಇರುತ್ತದೆ. ಉತ್ತರಕ್ಕಾಗಿ ನಾವು ಪ್ರಾರ್ಥಿಸುತ್ತೇವೆ, ಉಪವಾಸ ಹಿಡಿಯುತ್ತೇವೆ. ಇದು ಧರ್ಮಸಭೆಯ ಹಳೆಯ ದಾರಿ. ಅಂತಿಯೋಕ್ಯದ ಭಕ್ತರು ಉಪವಾಸವಿದ್ದು ಆರಾಧಿಸುತ್ತಿದ್ದಾಗಲೇ ಪವಿತ್ರಾತ್ಮರು ಬಾರ್ನಬ ಮತ್ತು ಸೌಲರನ್ನು ಸೇವೆಗೆ ಆರಿಸಿಕೊಂಡರು. ಆದರೆ ಈ ದಾರಿಯಲ್ಲಿ ಎಡವುವುದೂ ಉಂಟು. ಇಗ್ನೇಷಿಯಸರ ಜೀವನವು ಎರಡನ್ನೂ ತೋರಿಸುತ್ತದೆ.

1491ರಲ್ಲಿ ಸ್ಪೇನಿನ ಬಾಸ್ಕ್ ನಾಡಿನಲ್ಲಿ ಹುಟ್ಟಿದ ಇವರು ಕೀರ್ತಿಗಾಗಿ ಹಂಬಲಿಸಿದ ಯೋಧ. 1521ರ ಮೇ 20ರಂದು ಪಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಇವರ ಕಾಲು ಮುರಿಯಿತು. ಲೊಯೋಲಾದ ಮನೆಯಲ್ಲಿ ಹಾಸಿಗೆ ಹಿಡಿದಾಗ ಓದಲು ಸಿಕ್ಕಿದ್ದು ಕ್ರಿಸ್ತರ ಚರಿತ್ರೆ ಮತ್ತು ಸಂತರ ಕಥೆಗಳು ಮಾತ್ರ. ಅಲ್ಲಿ ಅವರು ಒಂದು ವಿಷಯವನ್ನು ಗಮನಿಸಿದರು. ಲೋಕದ ಸಾಹಸಗಳ ಕನಸು ಆ ಗಳಿಗೆಗೆ ಸವಿಯಾದರೂ ಆಮೇಲೆ ಮನಸ್ಸನ್ನು ಬರಿದಾಗಿಸುತ್ತಿತ್ತು. ಸಂತರಂತೆ ಬಾಳುವ ಆಸೆ ಮಾತ್ರ ಕೊನೆಯವರೆಗೂ ಸಂತೋಷವನ್ನು ಉಳಿಸುತ್ತಿತ್ತು.

1522ರ ಮಾರ್ಚ್ 24ರ ರಾತ್ರಿ ಮೊಂಟ್ಸೆರಾಟ್ ಬೆಟ್ಟದ ದೇವಾಲಯದಲ್ಲಿ ಮಾತೆ ಮರಿಯಮ್ಮನವರ ಮುಂದೆ ಜಾಗರಣೆ ಮಾಡಿ, ತಮ್ಮ ಖಡ್ಗವನ್ನು ಅಲ್ಲೇ ಬಿಟ್ಟು, ಗೋಣಿಬಟ್ಟೆ ಧರಿಸಿ ಸಮೀಪದ ಮನ್ರೇಸಾ ಊರಿಗೆ ಹೋದರು. ಅಲ್ಲಿ ಭಿಕ್ಷೆ ಬೇಡುತ್ತಾ, ಮಾಂಸ ತ್ಯಜಿಸಿ, ದಿನಕ್ಕೆ ಏಳು ಗಂಟೆ ಮೊಣಕಾಲೂರಿ ಪ್ರಾರ್ಥಿಸಿದರು. ಕೂದಲು ಉಗುರುಗಳನ್ನೂ ಕತ್ತರಿಸಲಿಲ್ಲ.

ಇಷ್ಟಾದರೂ ಶಾಂತಿ ದೊರೆಯಲಿಲ್ಲ. ನಿವೇದಿಸಿದ ಪಾಪಗಳೇ ಮತ್ತೆ ಮತ್ತೆ ನೆನಪಿಗೆ ಬಂದು ಹಿಂಸಿಸಿದವು. ಡೊಮಿನಿಕನ್ ಮಠದ ಕೋಣೆಯಲ್ಲಿದ್ದಾಗ ಪ್ರಾಣವನ್ನೇ ಕಳೆದುಕೊಳ್ಳುವ ಯೋಚನೆ ಬಂತು. ಅದು ದೇವರಿಗೆ ದ್ರೋಹವೆಂದು ತಡೆದುಕೊಂಡರು. ಆಗ ಬೇಡಿದ್ದು ಸಿಗುವ ತನಕ ಉಣ್ಣದೆ ಕುಳಿತ ಸಂತರೊಬ್ಬರ ಕಥೆ ನೆನಪಾಯಿತು. ಒಂದು ಭಾನುವಾರ ಪರಮಪ್ರಸಾದ ಸ್ವೀಕರಿಸಿ, ಮುಂದಿನ ಭಾನುವಾರದವರೆಗೆ ಒಂದು ತುತ್ತೂ ಮುಟ್ಟಲಿಲ್ಲ. ಪಾಪನಿವೇದನೆಯ ಗುರುಗಳು ಇದನ್ನು ಕೇಳಿ, ಉಪವಾಸ ಮುರಿಯಬೇಕೆಂದು ಆಜ್ಞಾಪಿಸಿದರು. ಮೈಯಲ್ಲಿ ಇನ್ನೂ ಶಕ್ತಿಯಿದ್ದರೂ ಇಗ್ನೇಷಿಯಸರು ವಿಧೇಯರಾದರು. ಎರಡು ದಿನ ಮನಸ್ಸು ಹಗುರವಾಯಿತು. ಮಂಗಳವಾರ ಸಂಶಯಗಳು ಮರಳಿದವು. ಆದರೆ ಈ ಬಾರಿ ಅವು ಎಲ್ಲಿಂದ ಬರುತ್ತವೆ, ಎತ್ತ ಎಳೆಯುತ್ತವೆ ಎಂದು ಪರೀಕ್ಷಿಸಿದರು. ಕ್ಷಮೆ ಪಡೆದ ಪಾಪಗಳನ್ನು ಇನ್ನು ಕೆದಕಬಾರದೆಂದು ನಿಶ್ಚಯಿಸಿ ಬಿಡುಗಡೆ ಹೊಂದಿದರು.

ಅನಂತರ ಅವರು ಮಾಂಸ ತಿಂದರು, ಉಗುರು ಕತ್ತರಿಸಿದರು. ಮಲಗುವ ವೇಳೆಗೆ ದೊಡ್ಡ ದೊಡ್ಡ ಆಧ್ಯಾತ್ಮಿಕ ಆನಂದಗಳು ಬಂದು ನಿದ್ದೆಗೆಡಿಸಿದಾಗ, ಅವನ್ನು ಬದಿಗಿಟ್ಟು ನಿದ್ರಿಸಲೂ ಕಲಿತರು. ಒಂದು ದಿನ ಕಾರ್ದೊನೆರ್ ನದಿಯ ಬಳಿ ಕುಳಿತಿದ್ದಾಗ ಅವರ ಬುದ್ಧಿಗೆ ಹೊಸ ಬೆಳಕು ಮೂಡಿತು. ಬಾಳಿನುದ್ದಕ್ಕೂ ಕಲಿತದ್ದೆಲ್ಲ ಸೇರಿದರೂ ಅದಕ್ಕೆ ಸಾಟಿಯಲ್ಲವೆಂದು ಮುಂದೆ ಅವರೇ ಹೇಳಿಕೊಂಡರು.

ಹಾಗಾದರೆ ದೇವರ ಯೋಜನೆ ಅಂದೇ ಸ್ಪಷ್ಟವಾಯಿತೇ? ಇಲ್ಲ. ಜೆರುಸಲೇಮಿನಲ್ಲೇ ನೆಲೆಸುವುದು ತಮ್ಮ ಕರೆಯೆಂದು ಅವರು ನಂಬಿದ್ದರು. 1523ರಲ್ಲಿ ಅಲ್ಲಿಗೆ ಹೋದಾಗ ಫ್ರಾನ್ಸಿಸ್ಕನ್ ಮೇಲಧಿಕಾರಿಗಳು ಹಿಂದಿರುಗಲು ಆಜ್ಞಾಪಿಸಿದರು. ಆತ್ಮಗಳ ಸೇವೆಗೆ ವಿದ್ಯೆ ಬೇಕೆಂದು ತಿಳಿದು, 33ರ ವಯಸ್ಸಿನಲ್ಲಿ ಬಾರ್ಸಿಲೋನಾದಲ್ಲಿ ಲತೀನ್ ವ್ಯಾಕರಣ ಕಲಿಯಲು ಕುಳಿತರು. 1534ರ ಆಗಸ್ಟ್ 15ರಂದು ಪ್ಯಾರಿಸ್‌ನಲ್ಲಿ ಆರು ಮಂದಿ ಸಂಗಡಿಗರೊಡನೆ ವ್ರತ ತೊಟ್ಟರು. ಅವರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಒಬ್ಬರು. 1540ರ ಸೆಪ್ಟೆಂಬರ್ 27ರಂದು ಜಗದ್ಗುರು ಮೂರನೇ ಪೌಲರು ಯೇಸುಸಭೆಗೆ ಮನ್ನಣೆ ನೀಡಿದರು. ಮನ್ರೇಸಾದಿಂದ ಇಲ್ಲಿಗೆ 18 ವರ್ಷಗಳು! ಕ್ಸೇವಿಯರ್ 1542ರಲ್ಲಿ ಗೋವೆಗೆ ಬಂದರು. 1878ರ ಕೊನೆಯ ದಿನ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದಿಳಿದು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ತೆರೆದರು.

ಪ್ರಿಯರೇ, ಉಪವಾಸವು ದೇವರ ಕೈ ತಿರುಚುವ ಉಪಾಯವಲ್ಲ. 'ನಾನು ಉಣ್ಣುವುದಿಲ್ಲ, ನೀವು ಉತ್ತರ ಕೊಡಿ' ಎಂದಾಗ ಇಗ್ನೇಷಿಯಸರಿಗೆ ಉತ್ತರ ಸಿಗಲಿಲ್ಲ. ತಮ್ಮ ಹಠವನ್ನು ಬಿಟ್ಟು ವಿಧೇಯರಾದಾಗ ಕಣ್ಣು ತೆರೆಯಿತು. ಹಸಿವು ನಮ್ಮ ಸದ್ದನ್ನು ತಗ್ಗಿಸಿ, ದೇವರ ದನಿಗೆ ಕಿವಿಗೊಡಲು ಕಲಿಸಬೇಕು. 1548ರಲ್ಲಿ ಅತಿಯಾಗಿ ಉಪವಾಸ ಮಾಡುತ್ತಿದ್ದ ಫ್ರಾನ್ಸಿಸ್ ಬೋರ್ಜಿಯಾರಿಗೆ ಪತ್ರ ಬರೆದು, ಶರೀರವೂ ದೇವರದೇ, ಅದನ್ನು ಕ್ಷೀಣಿಸಬೇಡಿ ಎಂದು ತಿಳಿಹೇಳಿದವರು ಇದೇ ಇಗ್ನೇಷಿಯಸರು.

ಆದ್ದರಿಂದ ಒಂದು ಹೊತ್ತಿನ ಊಟ ಬಿಟ್ಟಾಗ ಅದನ್ನು ಹಸಿದವರಿಗೆ ನೀಡೋಣ. ರಾತ್ರಿ ಜಪಸರದ ನಂತರ, ಇಂದು ಯಾವ ಯೋಚನೆ ನಮ್ಮಲ್ಲಿ ಶಾಂತಿಯನ್ನು ಉಳಿಸಿತು, ಯಾವುದು ಬರಿದಾಗಿಸಿತು ಎಂದು ಐದು ನಿಮಿಷ ನೋಡಿಕೊಳ್ಳೋಣ. ತೋಚಿದ್ದನ್ನು ಗುರುಗಳ ಬಳಿ ಹೇಳಿಕೊಳ್ಳೋಣ. ಮಕ್ಕಳ ಕರೆ ಒಂದೇ ವರ್ಷದಲ್ಲಿ ತಿಳಿಯದಿದ್ದರೆ ಅವರನ್ನು ಹೀಯಾಳಿಸದೆ ಜೊತೆಗೂಡಿ ಕಾಯೋಣ. ಮನ್ರೇಸಾದ ಯಾತ್ರಿಕನನ್ನು ಹೆಜ್ಜೆ ಹೆಜ್ಜೆಗೂ ನಡೆಸಿದ ಪ್ರಭುವು ನಮ್ಮ ಕುಟುಂಬಗಳನ್ನೂ ನಡೆಸಲಿ. ಆಮೆನ್.