ಉಡುಪಿ ಹೋಟೆಲು ಕಲಿಸಿದ ಒಡೆತನ

ಹೋಟೆಲ್ ಮ್ಯಾನೇಜ್‌ಮೆಂಟ್, ಪ್ರವಾಸೋದ್ಯಮ ಓದುವವರು ಬರೀ ನೌಕರಿ ಹುಡುಕದೆ ಸ್ವಂತ ಉದ್ಯಮಕ್ಕೆ ಕೈಹಾಕಲಿ ಎಂಬ ಆಸೆ ಎಲ್ಲರಿಗೂ ಇದೆ. ಆ ಧೈರ್ಯ ಎಲ್ಲಿಂದ ಬರುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯ ಚರಿತ್ರೆಯಲ್ಲೇ ಉತ್ತರವಿದೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಉಡುಪಿ, ಕೋಟ, ಕಾರ್ಕಳದ ಕಡೆಯಿಂದ ಹೊರಟು ಮದರಾಸು, ಮುಂಬಯಿ, ಬೆಂಗಳೂರು ಸೇರಿದ ಹುಡುಗರಲ್ಲಿ ಹೆಚ್ಚಿನವರಿಗೆ ಶಾಲೆಯ ಓದು ಅಷ್ಟಕ್ಕಷ್ಟೆ. ಆದರೂ ಅವರಲ್ಲಿ ಅನೇಕರು ಮಾಲೀಕರಾದರು. ಅವರು ದುಡಿದ ಹೋಟೆಲೇ ಒಡೆತನ ಕಲಿಸುವ ಶಾಲೆಯಾಗಿತ್ತು ಎಂಬುದು ನನ್ನ ವಾದ.

ಆ ಶಾಲೆಯ ಕ್ರಮ ಸರಳ. ಲೋಟ ತೊಳೆಯಲು ಸೇರಿದ ಮಾಣಿ ಕ್ರಮೇಣ ಒರಳಿಗೆ, ಬಡಿಸುವುದಕ್ಕೆ, ಕಾವಲಿಯ ಮುಂದಕ್ಕೆ, ಕೊನೆಗೆ ಗಲ್ಲಾಪೆಟ್ಟಿಗೆಗೆ ಬರುತ್ತಿದ್ದ. ಅಕ್ಕಿ ಉದ್ದು ಎಷ್ಟು ಬೇಕು, ಹಾಲಿನವನ ಬಾಕಿ ಎಷ್ಟು, ಸಂಜೆಗೆ ಉಳಿಯುವುದೆಷ್ಟು, ಎಲ್ಲವೂ ಒಂದೇ ಸೂರಿನಡಿ ಅವನ ಕಣ್ಣಿಗೆ ಬೀಳುತ್ತಿತ್ತು. ಕಾರ್ಕಳ ಸಮೀಪದ ಕಡಂದಲೆಯ ಕೆ. ಕೃಷ್ಣರಾಯರು ಅಡುಗೆಮನೆಯ ಕೆಳಗಿನ ಕೆಲಸಗಳಿಂದಲೇ ಮೇಲೆ ಬಂದವರು. ಮದರಾಸಿನಲ್ಲಿ ಅವರ ಯಜಮಾನರು ತಮ್ಮ ಒಂದು ಹೋಟೆಲನ್ನು ಕಂತಿನಲ್ಲಿ ಹಣ ತೀರಿಸುವ ಒಪ್ಪಂದದ ಮೇಲೆ ಅವರಿಗೆ ಬಿಟ್ಟುಕೊಟ್ಟರು. ಅದೇ ರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲು ತೆರೆದರು. ಕೆಲಸ ಗೊತ್ತಿದ್ದವನನ್ನು ನಂಬಿ ಹಿರಿಯನೊಬ್ಬ ಹೀಗೆ ಸಾಲ ಕೊಟ್ಟದ್ದು ಇಲ್ಲಿ ನಿರ್ಣಾಯಕ. ಕಂತು ತೀರಿಸಲು ಬೇಕಾದ ಉಳಿತಾಯದ ರೂಢಿಯೂ ಕರಾವಳಿಗೆ ಹೊಸದಲ್ಲ: 1906ರಲ್ಲೇ ಮಂಗಳೂರು, ಉಡುಪಿಗಳಲ್ಲಿ ಬ್ಯಾಂಕುಗಳು ಹುಟ್ಟಿದ್ದವು, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯ ಪಿಗ್ಮಿ ಯೋಜನೆ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲೇ ಸಂಗ್ರಹಿಸತೊಡಗಿತು.

ಬಡತನ ಅಟ್ಟಿತು, ಅವರು ಹೋದರು, ಇದರಲ್ಲಿ ಶಿಕ್ಷಣದ ಮಾತೇಕೆ ಎಂದು ಕೇಳಬಹುದು. ಬಡತನ ಊರು ಬಿಡಿಸೀತು, ಒಡೆಯನನ್ನಾಗಿ ಮಾಡದು. ಅದೇ ಬಡತನ ಹಂಚಿನ ಕಾರ್ಖಾನೆಗೂ ಘಟ್ಟದ ಕಾಫಿ ತೋಟಗಳಿಗೂ ಜನರನ್ನು ಅಟ್ಟಿತ್ತು. ಅಲ್ಲಿ ಕೂಲಿಯವನಿಗೆ ಕಾಣುತ್ತಿದ್ದದ್ದು ತನ್ನ ಪಾಲಿನ ಕೆಲಸ ಮಾತ್ರ. ಮಾಲು ಎಲ್ಲಿಗೆ ಹೋಯಿತು, ಲಾಭ ಹೇಗೆ ಹುಟ್ಟಿತು ಎಂಬುದು ಅವನ ಕಣ್ಣಿಗೆ ನಿಲುಕುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಈ ನಂಬಿಕೆಯ ಸಾಲ ಬಹುಮಟ್ಟಿಗೆ ಜಾತಿಯೊಳಗೇ ಹರಿಯಿತು. ಆರಂಭದ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಜಾಗವೇ ಇರುತ್ತಿತ್ತು. ಇದು ನಿಜ, ಇದನ್ನು ಮುಚ್ಚಿಡಬಾರದು. ಆದರೆ ಮುಂದೆ ಮುಂಬಯಿಯಲ್ಲಿ ಬಂಟರೂ ಇತರರೂ ಇದೇ ದಾರಿಯಲ್ಲಿ ನಡೆದು ದೊಡ್ಡ ಹೋಟೆಲುಗಳನ್ನು ಕಟ್ಟಿದರು. ಹಾಗಾಗಿ ಫಲ ಕೊಟ್ಟದ್ದು ಜಾತಿಯ ಗುಣವಲ್ಲ, ಕಲಿಕೆಯ ಜೊತೆಗೆ ಸಿಕ್ಕ ಬೆಂಬಲ. ಆ ಬೆಂಬಲವನ್ನು ಜಾತಿಯ ಕೈಯಿಂದ ಬಿಡಿಸಿ ಎಲ್ಲರಿಗೂ ತೆರೆದಿಡುವ ಶಕ್ತಿ ಇರುವುದು ಸಾರ್ವಜನಿಕ ಶಿಕ್ಷಣಕ್ಕೆ.

ಓದು ಬೇಡವೆಂದು ಇದರ ಅರ್ಥವಲ್ಲ; ಹೋಟೆಲಿನ ಹೊರಗೆ ಕಲಿಯಬೇಕಾದದ್ದೂ ಇದೆ. 1924ರಲ್ಲಿ ಸೋದರರೊಡನೆ ಈಗಿನ ಎಂಟಿಆರ್ ಹೋಟೆಲಿಗೆ ಬುನಾದಿ ಹಾಕಿದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿನ ಹೋಟೆಲುಗಳನ್ನು ನೋಡಿಬಂದು ಪಾತ್ರೆಗಳ ಶುಚಿತ್ವದ ಕ್ರಮವನ್ನೇ ಬದಲಿಸಿದರು. 1954ರಲ್ಲಿ ಮುಂಬಯಿಯಲ್ಲಿ ಹೋಟೆಲ್ ನಿರ್ವಹಣೆಯ ಶಿಕ್ಷಣಸಂಸ್ಥೆ ಆರಂಭವಾಯಿತು, 1980ರ ದಶಕದಲ್ಲಿ ಮಣಿಪಾಲವೂ ಆ ದಾರಿ ಹಿಡಿಯಿತು. ಆದರೆ ಈ ಓದು ಹೆಚ್ಚಾಗಿ ದೊಡ್ಡ ಹೋಟೆಲಿನ ವಿಭಾಗಗಳ ಅಚ್ಚಿನಲ್ಲಿದೆ: ಅಡುಗೆ, ಬಡಿಸುವಿಕೆ, ಸ್ವಾಗತ ಕಟ್ಟೆ, ಕೋಣೆಗಳ ನಿರ್ವಹಣೆ. ತರಬೇತಿಗೆ ಹೋದ ವಿದ್ಯಾರ್ಥಿಗೆ ಎಲ್ಲ ವಿಭಾಗಗಳೂ ದೊರೆತರೂ ಇಡೀ ವ್ಯಾಪಾರದ ಲೆಕ್ಕ ದೊರೆಯುವುದು ಅಪರೂಪ. ತರಬೇತಿಯ ಒಂದು ಭಾಗವನ್ನು ಸಣ್ಣ ಹೋಟೆಲು, ಹೋಮ್‌ಸ್ಟೇಗಳಲ್ಲಿ ಮಾಲೀಕರ ಜೊತೆ ಖರೀದಿಯಿಂದ ಗಲ್ಲಾಪೆಟ್ಟಿಗೆಯವರೆಗೆ ಮಾಡಿಸಬೇಕು. ಓದು ಮುಗಿದ ಮೇಲೆ, ಅಡವಿಡಲು ಆಸ್ತಿಯಿಲ್ಲದವರಿಗೆ ಕಂತಿನ ಬಂಡವಾಳ ಸಿಗಬೇಕು. ಇವೆರಡನ್ನೂ ಕೊಡದೆ ಉದ್ಯಮಶೀಲತೆಯ ಪಾಠವನ್ನಷ್ಟೇ ಹೇಳಿದರೆ, ಮನೆಯಲ್ಲಿ ಹಣವಿದ್ದವರು ಮಾತ್ರ ಮಾಲೀಕರಾಗುತ್ತಾರೆ.